ಎಡಚಿಯ ಮೌಸ್

“ಮೌಸ್ ಚೆನ್ನಾಗೇ ಇದೆ ಮೇಡಂ. ತೊಂದರೆ ಇರೋದು ನಿಮ್ಮ ಕೈಯಲ್ಲಿ!”

ಆ ಮಾತು ಬಿದ್ದದ್ದೇ ತಡ, ವಿನ್ಯಾಸದ ಕೋಣೆಯಲ್ಲಿ ಎಲ್ಲರ ಕೆಲಸವೂ ನಿಂತಿತು.

ಅವಳು ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು. ಎದುರಿಗಿದ್ದವನು ಆ ಬಟ್ಟೆ ಗಿರಣಿಗೆ ಹೊಸದಾಗಿ ಸೇರಿದ್ದ ಕಂಪ್ಯೂಟರ್ ರಿಪೇರಿಯವನು. ಯಾರು ಯಾವ ತೊಂದರೆ ಹೇಳಿಕೊಂಡರೂ “ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ” ಎನ್ನುತ್ತಿದ್ದುದರಿಂದ ಬಂದ ವಾರದಲ್ಲೇ ಅವನಿಗೆ ‘ರೀಸ್ಟಾರ್ಟ್’ ಎಂದು ನಾಮಕರಣವಾಗಿತ್ತು. ಕುತ್ತಿಗೆಯಲ್ಲಿ ಗುರುತಿನ ಚೀಟಿ, ಜೇಬಿನಲ್ಲಿ ಸ್ಕ್ರೂಡ್ರೈವರ್, ಮುಖದಲ್ಲಿ ತನಗೆ ಗೊತ್ತಿಲ್ಲದ್ದು ಯಾವುದೂ ಇಲ್ಲವೆಂಬ ಕಳೆ.

“ಏನಂದ್ರಿ? ಇನ್ನೊಂದ್ಸಲ ಹೇಳಿ.”

“ಅಂದ್ರೆ… ನಾನು ಎಲ್ಲ ನೋಡ್ದೆ. ಕ್ಲಿಕ್ ಆಗ್ತಿದೆ. ಚಕ್ರ ತಿರುಗ್ತಿದೆ. ಬಾಣ ಹೇಳಿದ ಕಡೆ ಹೋಗ್ತಿದೆ. ನನ್ನ ಕೈಯಲ್ಲಿ ಒಂದು ವಿಂಡೋನೂ ಮಾಯ ಆಗ್ಲಿಲ್ಲ. ನೀವು ಹಿಡಿದಾಗ ಮಾತ್ರ ಆಗುತ್ತೆ ಅಂದ್ರೆ ನಾನೇನು ಹೇಳ್ಲಿ? ಮೇಲಾಗಿ ಎಡ ಬಲದ ಬಟನ್ ಬೇರೆ ಉಲ್ಟಾ ಆಗಿತ್ತು. ಅದನ್ನೂ ಸರಿ ಮಾಡಿದೀನಿ.”

“ಸರಿ ಮಾಡಿದ್ರಾ?!” ಅವಳ ದನಿ ಏರಿತು. “ಅದು ಉಲ್ಟಾ ಆಗಿರ್ಲಿಲ್ಲ ರೀ. ನಾನೇ ಹಾಗಿಟ್ಕೊಂಡಿದ್ದೆ. ನಾನು ಎಡಚಿ. ನಿಮಗೆ ಉಲ್ಟಾ ಅನ್ಸೋದೇ ನನಗೆ ಸರಿ!”

ಪರೀಕ್ಷೆಗೆಂದು ಅವನು ಮೌಸನ್ನು ಬಲಗಡೆಗೆ ಎಳೆದುಕೊಂಡಿದ್ದ. ಅವಳು ಅದನ್ನು ಅವನ ಕೈಯಿಂದ ಕಿತ್ತುಕೊಂಡು ಕೀಬೋರ್ಡಿನ ಎಡಕ್ಕೆ ಕುಕ್ಕಿದಳು.

ಇಷ್ಟಕ್ಕೂ ತೊಂದರೆ ಏನೆಂದು ಕೇಳುತ್ತೀರಾ? ಹೇಳುತ್ತೇನೆ. ಪರದೆಗಳಿಗೂ ಹಾಸಿಗೆಯ ಹೊದಿಕೆಗಳಿಗೂ ಅಚ್ಚಾಗುವ ಹೂಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವುದು ಅವಳ ಕೆಲಸ. ಬಳ್ಳಿಯ ಬಲ ತುದಿ ಮತ್ತೆ ಎಡ ತುದಿಗೆ ಬಂದು ಸೇರಬೇಕು, ಕೂಡಿದ ಜಾಗ ಯಾರ ಕಣ್ಣಿಗೂ ಬೀಳಬಾರದು. ಅದಕ್ಕೆ ಉಸಿರು ಬಿಗಿಹಿಡಿದು ಒಂದೇ ಎಳೆತದಲ್ಲಿ ಉದ್ದನೆಯ ಗೆರೆ ಎಳೆಯಬೇಕು. ಅವಳು ಹಾಗೆ ಎಳೆಯುತ್ತಿರುವಾಗಲೇ, ನಡುದಾರಿಯಲ್ಲಿ, ತೆರೆದಿದ್ದ ವಿಂಡೋಗಳೆಲ್ಲ ಮಂಗಮಾಯ! ಬಳ್ಳಿಯೂ ಇಲ್ಲ, ಬಣ್ಣದ ಪಟ್ಟಿಯೂ ಇಲ್ಲ. ಬರೀ ಬೋಳು ಡೆಸ್ಕ್‌ಟಾಪ್. ಮತ್ತೆ ಎಲ್ಲವನ್ನೂ ತೆರೆದು ನೋಡಿದರೆ ಗೆರೆ ಎಲ್ಲೋ ಅರ್ಧಕ್ಕೆ ಮುರಿದು ಬಿದ್ದಿರುತ್ತಿತ್ತು.

“ಏನು ಗಲಾಟೆ?”

ಮ್ಯಾನೇಜರ್ ಗಾಜಿನ ಬಾಗಿಲು ತಳ್ಳಿಕೊಂಡು ಬಂದರು. ರೀಸ್ಟಾರ್ಟ್ ಹೇಳಿದ್ದನ್ನು ಅವರು ಅಲ್ಲಿಂದಲೇ ಕೇಳಿಸಿಕೊಂಡಿದ್ದರು. ಮುಖ ಅರಳಿತ್ತು.

“ನಾನು ಮೊದಲಿಂದ ಹೇಳ್ತಾನೇ ಇದೀನಲ್ಲಮ್ಮ! ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಈಗ ರಿಪೇರಿಯವರೇ ಹೇಳಿದ್ರು, ಕೈಯೇ ತಪ್ಪು ಅಂತ.”

“ಸರ್, ನಾನು ಹಾಗಲ್ಲ…” ರೀಸ್ಟಾರ್ಟ್ ಬಾಯಿ ತೆರೆದ.

“ನೀವು ಸುಮ್ಮನಿರಿ. ಸರಿಯಾಗೇ ಹೇಳಿದೀರಿ.” ಮ್ಯಾನೇಜರ್ ಅವಳ ಕಡೆ ತಿರುಗಿದರು. “ಮಕ್ಕಳ ಆಸ್ಪತ್ರೆಯ ಪರದೆಯ ಡಿಸೈನ್ ಇದೆಯಲ್ಲ, ಅದನ್ನ ಶುಕ್ರವಾರ ಎಲ್ಲರ ಮುಂದೆ ಕೂತು ಮುಗಿಸಿ. ಬಲಗೈಯಲ್ಲಿ! ಆಗದಿದ್ರೆ ನಿಮ್ಮನ್ನ ಕಾಯಂ ಮಾಡೋ ಮಾತು ಮರೆತುಬಿಡಿ.”

“ಮುಗಿಸ್ತೀನಿ ಸರ್,” ಎಂದಳು. “ಎಡಗೈಯಲ್ಲಿ.”

“ಆಗ ವಿಂಡೋ ಮಾಯ ಆದ್ರೆ?”

“ಆಗಲೂ ಎಡಗೈಯಲ್ಲೇ.”

ಅವರು ದಾಪುಗಾಲು ಹಾಕಿ ಹೊರಟುಹೋದರು. ರೀಸ್ಟಾರ್ಟ್ ಮಾತ್ರ ಅಲ್ಲೇ ನಿಂತಿದ್ದ. ಅವಳು ಅವನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೆ ಅವನ ಮುಖದ ಕಳೆ ಪೂರ್ತಿ ಇಳಿದುಹೋಗಿದ್ದು ಕಾಣುತ್ತಿತ್ತು.

*

‘ಎಡಚಿ’ ಎಂಬುದು ಅವಳಿಗೆ ಚಿಕ್ಕಂದಿನಲ್ಲಿ ಅಂಟಿದ ಬೈಗುಳ. ಅಜ್ಜಿ ಊಟದ ಹೊತ್ತಿಗೆ ಅವಳ ಎಡಗೈಯನ್ನು ಬಟ್ಟೆಯ ಪಟ್ಟಿಯಿಂದ ಕುರ್ಚಿಗೆ ಕಟ್ಟುತ್ತಿದ್ದರು. ಶಾಲೆಯಲ್ಲಿ ಟೀಚರ್ ಸ್ಕೇಲಿನ ಅಂಚಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು. ಕಟ್ಟಿದಷ್ಟೂ, ಹೊಡೆದಷ್ಟೂ ಆ ಕೈ ಚುರುಕಾಯಿತು. ಕೊನೆಗೆ ಯಾರಾದರೂ ಹೆಸರು ಕೇಳಿದರೆ ಅವಳೇ ಮೊದಲು ‘ಎಡಚಿ ಅನ್ನಿ’ ಎನ್ನತೊಡಗಿದಳು. ತಾನೇ ಹೇಳಿಕೊಂಡ ಮೇಲೆ ಇನ್ನೊಬ್ಬರ ಬಾಯಲ್ಲಿ ಅದು ಚುಚ್ಚುವುದಾದರೂ ಹೇಗೆ?

ಆದರೆ ಆ ರೀಸ್ಟಾರ್ಟ್ ಆಡಿದ ಮಾತು ಚುಚ್ಚಿತ್ತು. ಯಾಕೋ ಬೇರೆಯವರ ಮಾತಿಗಿಂತ ಹೆಚ್ಚೇ ಚುಚ್ಚಿತ್ತು.

“ಮೌಸೇ ಬದಲಾಯಿಸಿ ಅಂತ ಕೇಳ್ಬಾರ್ದಾ?” ಬಣ್ಣದಕ್ಕ ಕೇಳಿದಳು. ಅಚ್ಚಿನ ಬಣ್ಣ ಬೆರೆಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಆ ಕೋಣೆಯಲ್ಲಿ ಎಲ್ಲರಿಗಿಂತ ಹಳಬಳು, ಬಾಯಿಯೂ ಎಲ್ಲರಿಗಿಂತ ಜೋರು.

“ಕೇಳ್ದೆ ಅಕ್ಕ. ಇಡೀ ಕೋಣೇಲಿ ಇದೊಂದೇ ಒಳ್ಳೆ ಮೌಸಂತೆ, ಡಿಸೈನಿಗೇ ಅಂತ ತರಿಸಿದ್ದಂತೆ. ಕೆಟ್ಟಿದೆ ಅಂತ ರಿಪೇರಿಯವನು ಹೇಳಿದ್ರೆ ಮಾತ್ರ ಬದಲಾಯಿಸ್ತಾರಂತೆ.”

“ಮನೆಯಿಂದ ಒಂದು ತಂದ್ಬಿಡು.”

“ಹೊರಗಿಂದ ತಂದಿದ್ದು ಇಲ್ಲಿ ಚುಚ್ಚೋ ಹಾಗಿಲ್ಲ, ಗೊತ್ತಲ್ಲ. ಇಷ್ಟಕ್ಕೂ ನಾನ್ಯಾಕೆ ತರ್ಲಿ? ತಪ್ಪು ನಂದಾ?”

“ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಯ್ತು,” ಎಂದು ಬಣ್ಣದಕ್ಕ ಗೊಣಗಿದಳು.

ಮರುದಿನ ಬೆಳಗ್ಗೆ ಅವಳು ಬರುವ ಮೊದಲೇ ರೀಸ್ಟಾರ್ಟ್ ಅವಳ ಮೇಜಿನ ಪಕ್ಕ ನಿಂತಿದ್ದ.

“ಮತ್ತೇನು? ನನ್ನ ಕೈ ಬದಲಾಯಿಸೋಕೆ ಬಂದ್ರಾ?”

“ಬಟನ್ ನಿಮಗೆ ಬೇಕಾದ ಹಾಗೇ ಇಟ್ಟಿದೀನಿ. ನೆನ್ನೆ ಮುಟ್ಟಬಾರ್ದಿತ್ತು.” ಅವನು ಒಂದು ಕುರ್ಚಿ ಎಳೆದುಕೊಂಡ. “ನೀವು ಕೆಲಸ ಮಾಡಿ. ನಾನು ಸುಮ್ಮನೆ ನೋಡ್ತೀನಿ.”

ಅವಳು ಭುಜ ಕುಣಿಸಿ ಕೆಲಸಕ್ಕೆ ಕುಳಿತಳು. ಅವನೂ ಕುಳಿತ. ಸ್ಕ್ರೀನಿನ ಮೇಲೆ ಒಂದು ಬಳ್ಳಿ ಹೊರಟಿತು. ಎಲೆ ಬಂತು, ಮೊಗ್ಗು ಬಂತು, ಎಲೆಯ ಹಿಂದಿನಿಂದ ಇಣುಕುವ ಒಂದು ಪುಟ್ಟ ಹಕ್ಕಿ ಬಂತು.

“ಹಕ್ಕಿ ಯಾಕೆ ಬಚ್ಚಿಟ್ಕೊಂಡಿದೆ?” ಅವನು ಮೆಲ್ಲಗೆ ಕೇಳಿದ.

“ಹಾಸಿಗೆ ಹಿಡಿದಿರೋ ಮಗುಗೆ ಹುಡುಕೋಕೆ ಏನಾದ್ರೂ ಬೇಕಲ್ವಾ?”

ಅವನು ಅವಳನ್ನು ನೋಡಿದ. ಅವಳು ಬಳ್ಳಿಯನ್ನು ನೋಡುತ್ತಿದ್ದಳು. ಬಳ್ಳಿಯ ತುದಿ ಬಾಗಿತು, ಹರಿಯಿತು, ಇನ್ನೇನು ಅಂಚಿಗೆ ಸೇರಬೇಕು…

ಮಾಯ!

“ಅರೆ! ನಿಜ!” ಅವನು ಕುರ್ಚಿಯಿಂದ ಜಿಗಿದೆದ್ದ.

“ಇಷ್ಟು ಹೊತ್ತು ಸುಳ್ಳು ಅಂದ್ಕೊಂಡಿದ್ರಾ?”

ಅವನ ಕಿವಿ ಕೆಂಪಾಯಿತು. ಆ ಕೆಂಪು ಕಂಡು ಅವಳಿಗೆ ನಗು ಬಂತು, ತಡೆದುಕೊಂಡಳು. ಅಂದಿನಿಂದ ಅವನು ಬಿಡುವಾದಾಗಲೆಲ್ಲ ಬಂದ. ಮೌಸನ್ನು ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ. ವೈರು ಹಾಕುವ ಜಾಗ ಬದಲಿಸಿದ. ಅಡಿಯಲ್ಲಿದ್ದ ಬೆಳಕಿನ ಕಣ್ಣನ್ನು ಹತ್ತಿಯಿಂದ ಒರೆಸಿದ. ತನ್ನ ಮೇಜಿಗೆ ಒಯ್ದು ಕೆಲಸ ಮಾಡಿದ. ಅವನು ಹಿಡಿದಾಗ ಅದು ಸಾಕಿದ ಬೆಕ್ಕಿನಷ್ಟು ಸಾಧು. ಅವಳು ಹಿಡಿದರೆ ಮತ್ತೆ ಅದೇ ಚಾಳಿ.

ಹುಡುಕುತ್ತ ಹುಡುಕುತ್ತ ಮಾತೂ ಬೆಳೆಯಿತು. ಎಡಗೈಯಲ್ಲಿ ಕತ್ತರಿ ಹಿಡಿದರೆ ಬಟ್ಟೆ ಕತ್ತರಿಸುವುದಿಲ್ಲ, ಮಡಚಿಕೊಳ್ಳುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಬರೆಯುತ್ತ ಹೋದಂತೆ ಹಸಿ ಶಾಯಿಯ ಮೇಲೆ ತನ್ನ ಕೈಯೇ ಸವರಿಕೊಂಡು ಹೋಗುತ್ತದೆ ಎಂಬುದೂ ಗೊತ್ತಿರಲಿಲ್ಲ. ಅವನು ಪ್ರತಿಯೊಂದನ್ನೂ ಕೇಳುತ್ತಿದ್ದ. ಕನಿಕರದಿಂದ ಅಲ್ಲ, ಕುತೂಹಲದಿಂದ. ಹಾಗೆ ಅವಳನ್ನು ಈವರೆಗೆ ಯಾರೂ ಕೇಳಿರಲಿಲ್ಲ.

‘ಇವನು ಬಂದ್ರೆ ನನಗ್ಯಾಕೆ ಇಷ್ಟು ಖುಷಿ? ಮೊದಲ ದಿನ ಏನಂದಿದ್ದ ಅಂತ ಮರೆತುಹೋಯ್ತಾ?’ ಎಂದು ಅವಳು ತನ್ನನ್ನೇ ಗದರಿಕೊಂಡಳು. ಗದರಿಕೊಂಡ ಮರುಗಳಿಗೆಯೇ ಬಾಗಿಲ ಕಡೆ ನೋಡಿದಳು.

ಬುಧವಾರ ಅವನು ಸೋತ ಮುಖ ಹೊತ್ತು ಬಂದ.

“ನನಗೆ ಸಿಗ್ತಿಲ್ಲ. ಒಂದು ಕೆಲಸ ಮಾಡ್ತೀನಿ. ಮೌಸ್ ಕೆಟ್ಟಿದೆ ಅಂತ ಮ್ಯಾನೇಜರ್‌ಗೆ ಹೇಳಿಬಿಡ್ತೀನಿ. ಬೇರೆ ಕೊಡ್ತಾರೆ. ನಿಮ್ಮ ಕೆಲಸ ಉಳಿಯುತ್ತೆ.”

ಕೆಲಸ ಉಳಿಯುತ್ತದೆ! ಇನ್ನೊಬ್ಬಳಾಗಿದ್ದರೆ ಅವನ ಕೈ ಹಿಡಿದು ಥ್ಯಾಂಕ್ಸ್ ಹೇಳುತ್ತಿದ್ದಳೇನೋ. ಇವಳು ತಲೆಯಾಡಿಸಿದಳು.

“ಬೇಡ.”

“ಯಾಕೆ?”

“ಕಾರಣ ಸಿಗದೆ ಬದಲಾಯಿಸಿದ್ರೆ, ‘ಪಾಪ, ಎಡಗೈಯವಳು, ಬೇರೆ ಕೊಟ್ವಿ’ ಅಂತಾರೆ. ಕೈಯೇ ತಪ್ಪು ಅನ್ನೋ ಮಾತು ಹಾಗೇ ಉಳಿಯುತ್ತೆ. ನನಗೆ ಪಾಪ ಬೇಡ ರೀ. ಕಾರಣ ಬೇಕು.”

ಅವನು ಅಂಗಿಯ ತೋಳು ಮೇಲಕ್ಕೆ ಮಡಚಿದ. “ಹಾಗಾದ್ರೆ ಹುಡುಕ್ತೀನಿ,” ಎಂದ. ಆ ದನಿಯಲ್ಲಿ ಏನಿತ್ತೋ! ಅವಳು ಮತ್ತೆ ಬಳ್ಳಿಗೆ ತಿರುಗಿದಳು, ಗೆರೆ ಸೊಟ್ಟ ಹೋಯಿತು.

*

ಗುರುವಾರ ಮಧ್ಯಾಹ್ನ ಅವಳು ಊಟ ಮುಗಿಸಿ ಬೇಗ ಹಿಂದಿರುಗಿದಳು. ಕೋಣೆಯ ಬಾಗಿಲಲ್ಲೇ ನಗುವಿನ ಅಲೆ ಕೇಳಿಸಿತು.

ಅವಳ ಕುರ್ಚಿಯಲ್ಲಿ ರೀಸ್ಟಾರ್ಟ್ ಕುಳಿತಿದ್ದ. ಬಲಗೈಯನ್ನು ಬೆನ್ನ ಹಿಂದೆ ಮಡಚಿಟ್ಟುಕೊಂಡಿದ್ದ. ಎಡಗೈಯಲ್ಲಿ ಅವಳ ಮೌಸ್ ಹಿಡಿದು, ನಾಲಿಗೆ ಕಚ್ಚಿಕೊಂಡು, ಸೊಟ್ಟಸೊಟ್ಟನೆ ಗೆರೆ ಎಳೆಯುತ್ತಿದ್ದ. ಸುತ್ತ ನಾಲ್ಕಾರು ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

“ಅಯ್ಯಯ್ಯೋ, ಥೇಟ್ ನಮ್ಮ ಎಡಚಿ ಕಣೋ!” ಎಂದ ಒಬ್ಬ.

ಅವಳು ಬಾಗಿಲಲ್ಲೇ ನಿಂತಳು.

ಅಣಕ! ಇಷ್ಟು ದಿನ ಅಷ್ಟೆಲ್ಲ ಕೇಳಿದ್ದು ಇದಕ್ಕಾ? ಕತ್ತರಿಯ ಕಥೆ, ಶಾಯಿಯ ಕಥೆ, ಕುರ್ಚಿಗೆ ಕಟ್ಟಿದ ಕೈಯ ಕಥೆ… ಎಲ್ಲವನ್ನೂ ಅವಳಾಗಿಯೇ ಬಿಚ್ಚಿ ಹೇಳಿದ್ದಳಲ್ಲ!

“ಏಳಿ.”

ನಗು ನಿಂತಿತು. ಅವನು ತಡಬಡಿಸಿ ಎದ್ದ. “ನೀವು ಬಂದ್ರಾ… ನೋಡಿ, ನಾನು ಏನ್ ಮಾಡ್ತಿದ್ದೆ ಅಂದ್ರೆ…”

“ಏನ್ ಮಾಡ್ತಿದ್ರಿ ಅಂತ ಕಾಣ್ತಿದೆ. ಚೆನ್ನಾಗಿ ಮಾಡ್ತಿದ್ರಿ. ನಾಲಿಗೆ ಕಚ್ಕೊಳ್ಳೋದೂ ಬಿಟ್ಟಿಲ್ಲ.”

“ಅಣಕ ಅಲ್ಲ! ದಯವಿಟ್ಟು ಒಂದ್ನಿಮಿಷ…”

“ನನ್ನ ಮೌಸ್ ಮುಟ್ಟಬೇಡಿ. ನನ್ನ ಮೇಜಿನ ಹತ್ರ ಬರಬೇಡಿ.” ಅವಳ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. “ಮೊದಲ ದಿನ ಮುಖದ ಮೇಲೆ ಹೊಡೆದ ಹಾಗೆ ಹೇಳಿದ್ರಿ. ಅದೇ ವಾಸಿ. ಅದರಲ್ಲಿ ಮೋಸ ಇರ್ಲಿಲ್ಲ.”

ಅವನು ಸುತ್ತ ನಿಂತವರನ್ನು ನೋಡಿದ. ನಂತರ ತಲೆ ತಗ್ಗಿಸಿ ಹೊರಟುಹೋದ.

ಸಂಜೆ ಮನೆಯಲ್ಲಿ ಅಮ್ಮ ಎಲ್ಲ ಕೇಳಿಸಿಕೊಂಡು ನಿಟ್ಟುಸಿರಿಟ್ಟಳು.

“ನಾಳೆ ಒಂದಿನ ಬಲಗೈಯಲ್ಲೇ ಮಾಡಿಬಿಡೇ. ಕಾಯಂ ಆದ್ಮೇಲೆ ಕಾಲಲ್ಲಿ ಬಿಡಿಸ್ಕೋ, ಯಾರು ಕೇಳ್ತಾರೆ? ಹಟದಿಂದ ಹೊಟ್ಟೆ ತುಂಬುತ್ತಾ?”

“ಅಮ್ಮ, ಬಲಗೈಯಲ್ಲಿ ನಾನು ಗೆರೆ ಎಳೀಬಹುದು. ಬಳ್ಳಿ ಬರಲ್ಲ. ಕೆಟ್ಟದಾಗಿ ಬಿಡಿಸಿ ಕೆಲಸ ಉಳಿಸ್ಕೊಂಡ್ರೆ, ಆ ಕೆಲಸ ನಂದು ಹೇಗಾಗುತ್ತೆ?”

“ಕೆಲಸ ಹೋದ್ರೆ?”

“ಹೋಗ್ಲಿ. ಇನ್ನೊಂದು ಕಡೆ ಇದೇ ಕೈ ತಗೊಂಡು ಹೋಗ್ತೀನಿ.”

ಅಮ್ಮ ಒಲೆ ಆರಿಸಿದಳು, ತಟ್ಟೆ ಹಾಕಿದಳು. ಅವಳು ತಿನ್ನುತ್ತಿರುವಾಗ ಅಮ್ಮ ತನ್ನಷ್ಟಕ್ಕೇ ಎಂಬಂತೆ ಕೇಳಿದಳು, “ಆ ಹುಡುಗ ಅಣಕ ಮಾಡಿದ್ದಕ್ಕೆ ಕೆಲಸ ಹೋಗೋದಕ್ಕಿಂತ ಹೆಚ್ಚು ಬೇಜಾರಾಗಿದೆ, ಅಲ್ವಾ?”

ಅವಳು ತುತ್ತನ್ನು ಅಗಿಯುತ್ತಲೇ ಇದ್ದಳು. ಕೆಲವು ಪ್ರಶ್ನೆಗಳಿಗೆ ಬಾಯಿ ತುಂಬಿರುವುದೇ ಒಳ್ಳೆಯದು.

ಶುಕ್ರವಾರ ಬೆಳಗ್ಗೆ ಹೊರಡುವಾಗ ಅಮ್ಮ ಊಟದ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಯಾವಾಗಲೂ ಬಲಗೈಗೆ ಕೊಡುತ್ತಿದ್ದವಳು, ಅಂದು ಮಗಳ ಎಡಗೈ ಎತ್ತಿ, ಅದರೊಳಗೆ ಡಬ್ಬಿಯನ್ನು ಇಟ್ಟು, ಬೆರಳುಗಳನ್ನು ತಾನೇ ಮಡಚಿದಳು.

“ಹೋಗಿ ಬಾ,” ಎಂದಳು. ಅಷ್ಟೇ!

*

ವಿನ್ಯಾಸದ ಕೋಣೆಯಲ್ಲಿ ಜಾತ್ರೆಯೇ ಸೇರಿತ್ತು. ಅಚ್ಚಿನ ವಿಭಾಗದವರೂ ನೆಪ ಹೇಳಿಕೊಂಡು ಬಂದು ಗೋಡೆಗೆ ಒರಗಿದ್ದರು. ಮ್ಯಾನೇಜರ್ ಟೈ ಸರಿಮಾಡಿಕೊಂಡು ಅವಳ ಕುರ್ಚಿಯ ಹಿಂದೆ ನಿಂತರು. ಬಾಗಿಲ ಹತ್ತಿರ ರೀಸ್ಟಾರ್ಟ್ ನಿಂತಿದ್ದ. ಅವಳು ನೋಡಲಿಲ್ಲ. ಆದರೂ ಅವನು ಎಲ್ಲಿ ನಿಂತಿದ್ದಾನೆಂದು ಅವಳಿಗೆ ಗೊತ್ತಿತ್ತು.

ಎಡಗೈಯನ್ನು ಮೌಸಿನ ಮೇಲಿಟ್ಟಳು.

ಬಳ್ಳಿ ಹೊರಟಿತು. ಬಾಗಿತು. ಎಲೆ, ಮೊಗ್ಗು, ಮತ್ತೊಂದು ಎಲೆ. ಯಾರೋ “ಆಹಾ!” ಎಂದರು. ಕೊನೆಯ ಗೆರೆ. ತುದಿ ಅಂಚಿನ ಕಡೆ ಹರಿಯಿತು. ಅವಳು ಉಸಿರು ಬಿಗಿಹಿಡಿದಳು, ಬೆರಳು ಬಿಗಿಯಾದವು…

ಮಾಯ. ಬೋಳು ಡೆಸ್ಕ್‌ಟಾಪ್.

“ನೋಡಿದ್ರಾ?” ಮ್ಯಾನೇಜರ್ ಎಲ್ಲರ ಕಡೆ ತಿರುಗಿದರು. “ನಾನು ಹೇಳಿದ್ದು ಸುಳ್ಳಾಯ್ತಾ? ನೋಡಮ್ಮ, ಕೊನೇ ಸಲ ಹೇಳ್ತೀನಿ. ಬಲಗೈ ಹಾಕಿ. ಇಲ್ಲಾಂದ್ರೆ ಬ್ಯಾಗ್ ತಗೊಳ್ಳಿ.”

ಅವಳು ಎದ್ದಳು. ಕೆನ್ನೆ ಉರಿಯುತ್ತಿತ್ತು. ‘ಅಳಬೇಡ. ಇವರ ಮುಂದೆ ಮಾತ್ರ ಅಳಬೇಡ!’

“ಬ್ಯಾಗನ್ನೂ ಎಡಗೈಯಲ್ಲೇ ತಗೊಳ್ತೀನಿ ಸರ್.”

“ಒಂದ್ನಿಮಿಷ!”

ರೀಸ್ಟಾರ್ಟ್ ಜನರ ನಡುವೆ ನುಗ್ಗಿಕೊಂಡು ಬಂದ. ಅವಳ ಮೇಜಿನಿಂದ ಒಂದು ಹೆಜ್ಜೆ ದೂರದಲ್ಲೇ ನಿಂತ.

“ಹತ್ರ ಬರಬೇಡಿ ಅಂದಿದೀರಿ. ಬರಲ್ಲ. ಮುಟ್ಟಲ್ಲ. ಆದ್ರೆ ಇದೊಂದು ನೋಡಿ.” ಅವನು ತನ್ನ ಎಡಗೈ ಚಾಚಿದ. ಉಂಗುರದ ಬೆರಳಿನ ಬದಿಯಲ್ಲಿ ಕೆಂಪಗೆ ಒತ್ತಿದ ಗುರುತಿತ್ತು. “ನೆನ್ನೆ ಮಧ್ಯಾಹ್ನದಿಂದ ನನ್ನ ಮೇಜಲ್ಲಿ ಎಡಗೈಯಲ್ಲೇ ಕೆಲಸ ಮಾಡಿದೀನಿ. ಉದ್ದ ಗೆರೆ ಎಳೆಯೋವಾಗ ಈ ಬೆರಳು ಮೌಸಿನ ಪಕ್ಕೆಗೆ ಗಟ್ಟಿಯಾಗಿ ಒತ್ತುತ್ತೆ. ಬಲಗೈಯಲ್ಲಿ ಹಿಡಿದ್ರೆ ಆ ಜಾಗದಲ್ಲಿ ಯಾವ ಬೆರಳೂ ಒತ್ತಲ್ಲ, ಹೆಬ್ಬೆರಳು ಸ್ವಲ್ಪ ಕೆಳಗೆ ಇರುತ್ತೆ. ನನ್ನ ಮೌಸಲ್ಲಿ ಅಲ್ಲಿ ಏನೂ ಇಲ್ಲ. ನಿಮ್ಮದರಲ್ಲಿ… ಏನಾದ್ರೂ ಇದೆಯಾ?”

ಅವಳಿಗೆ ನೆನ್ನೆ ಕಂಡದ್ದು ಮತ್ತೆ ಕಣ್ಣಿಗೆ ಕಟ್ಟಿತು. ಬೆನ್ನ ಹಿಂದೆ ಮಡಚಿದ ಬಲಗೈ. ನಾಲಿಗೆ ಕಚ್ಚಿಕೊಂಡ ಮುಖ. ಅಣಕವಲ್ಲ… ಅವನು ಹುಡುಕುತ್ತಿದ್ದ!

ಅವಳು ಮೌಸನ್ನು ಎತ್ತಿ ಪಕ್ಕಕ್ಕೆ ತಿರುಗಿಸಿದಳು. ಕಪ್ಪು ಮೈಯಲ್ಲಿ ಕಪ್ಪಗೇ ಹುದುಗಿದ್ದ, ಅಕ್ಕಿಕಾಳಿನಷ್ಟು ತೆಳುವಾದ ಒಂದು ಬಟನ್. ಸರಿಯಾಗಿ ಅವಳ ಉಂಗುರದ ಬೆರಳು ಕೂರುವ ಜಾಗದಲ್ಲಿ.

ಎಲ್ಲ ವಿಂಡೋಗಳನ್ನೂ ಮತ್ತೆ ತೆರೆದಳು. ಆ ಬಟನ್ ಒತ್ತಿದಳು. ಎಲ್ಲವೂ ಮಾಯ! ಇನ್ನೊಮ್ಮೆ ಒತ್ತಿದಳು. ಎಲ್ಲವೂ ಬಂದವು!

“ಅಯ್ಯೋ ದೇವ್ರೇ!” ಬಣ್ಣದಕ್ಕ ಕೂಗಿದಳು. “ಇಲ್ಲಿತ್ತಾ ಈ ಕಳ್ಳ!”

“ಬೇರೆ ಕಂಪ್ಯೂಟರಿಗೆ ಹಾಕಿದ್ರೂ ಹೀಗೇ ಮಾಡ್ತಿತ್ತು,” ರೀಸ್ಟಾರ್ಟ್ ಹಣೆ ಒತ್ತಿಕೊಂಡ. “ಅಂದ್ರೆ ಈ ಸೆಟ್ಟಿಂಗ್ ಮೌಸ್ ಒಳಗೇ ಕೂಡಿಸಿಟ್ಟಿದಾರೆ. ಕಂಪನಿಯಿಂದ ಹೀಗೆ ಬರಲ್ಲ. ಈ ಬಟನ್ ಒತ್ತಿದ್ರೆ ಎಲ್ಲ ಮರೆಯಾಗ್ಲಿ ಅಂತ ಯಾರೋ ಬೇಕಂತಲೇ ಹಾಕಿದಾರೆ. ನಾನು ಪ್ರತಿ ಸಲ ಬಲಗೈಯಲ್ಲೇ ನೋಡ್ದೆ. ಮೂರ್ಖ ನಾನು.”

“ಯಾರಪ್ಪಾ ಹಾಗೆ ಹಾಕಿದ್ದು?” ಗೋಡೆಯ ಕಡೆಯಿಂದ ಯಾರೋ ಕೇಳಿದರು.

ಬಣ್ಣದಕ್ಕ ಸೊಂಟದ ಮೇಲೆ ಕೈಯಿಟ್ಟಳು. ಅವಳ ಮುಖದಲ್ಲಿ ನಿಧಾನವಾಗಿ ಒಂದು ನಗು ಹರಡಿತು.

“ಇವಳಿಗಿಂತ ಮೊದಲು ಈ ಸೀಟಲ್ಲಿ ಕೂರ್ತಿದ್ದೋರು… ನೀವೇ ಅಲ್ವಾ ಸರ್? ಮ್ಯಾನೇಜರ್ ಆಗೋಕ್ ಮುಂಚೆ? ಇಡೀ ದಿನ ಇಸ್ಪೀಟಿನ ಆಟ! ಹಳೇ ಮ್ಯಾನೇಜರ್ ಹೆಜ್ಜೆ ಸದ್ದಾದ್ರೆ ಸಾಕು, ನಿಮ್ಮ ಸ್ಕ್ರೀನ್ ತೊಳೆದಿಟ್ಟ ತಟ್ಟೆ ಹಾಗೆ ಖಾಲಿ. ಹೆಂಗಪ್ಪಾ ಇಷ್ಟು ಬೇಗ ಅಂತ ನಾನು ಆಗಿಂದ ತಲೆ ಕೆಡಿಸ್ಕೊಂಡಿದೀನಿ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮ್ಯಾನೇಜರ್ ಟೈ ಮುಟ್ಟಿ ನೋಡಿಕೊಂಡರು. ಕೋಣೆಯಲ್ಲಿ ಮೊದಲು ಒಂದು ಕೆಮ್ಮು, ಆಮೇಲೆ ಒಂದು ಕಿಸಕ್, ಆಮೇಲೆ ತಡೆಯಲಾರದ ನಗು.

“ಅದೆಲ್ಲ ಹಳೇ ಮಾತು… ಮರೆತೇ ಹೋಗಿತ್ತು,” ಎಂದು ಅವರು ತೊದಲಿದರು. “ಆಯ್ತು ಆಯ್ತು. ಮೌಸ್ ಬದಲಾಯಿಸಿಬಿಡಿ. ಎಲ್ಲ ಹೋಗಿ ಕೆಲಸ ನೋಡ್ಕೊಳ್ಳಿ.”

“ಮೌಸ್ ಬದಲಾಯಿಸೋದು ಬೇಡ ಸರ್.”

ಎಲ್ಲರೂ ಅವಳ ಕಡೆ ನೋಡಿದರು.

“ಮೊದಲು ಮಾತು ಬದಲಾಯಿಸಿ. ಇವರೆಲ್ಲರ ಮುಂದೆ ನನ್ನ ಕೈ ತಪ್ಪು ಅಂದ್ರಿ. ಇವರೆಲ್ಲರ ಮುಂದೆಯೇ ಹೇಳಿ.”

ಮ್ಯಾನೇಜರ್ ಛಾವಣಿ ನೋಡಿದರು. ಕಿಟಕಿ ನೋಡಿದರು. ತಪ್ಪಿಸಿಕೊಳ್ಳಲು ಎಲ್ಲೂ ಜಾಗ ಸಿಗಲಿಲ್ಲ.

“ಕೈ… ತಪ್ಪಲ್ಲ.”

“ಕೇಳಿಸ್ಲಿಲ್ಲ ಸರ್!” ಎಂದಳು ಬಣ್ಣದಕ್ಕ.

“ಅವರ ಕೈ ತಪ್ಪಲ್ಲ! ಡಿಸೈನ್ ಮುಗಿಸಮ್ಮ. ಕಾಯಂ ಮಾಡೋದಕ್ಕೆ ಇವತ್ತೇ ಹೇಳ್ತೀನಿ.” ಗಾಜಿನ ಬಾಗಿಲು ದಡಾರನೆ ಮುಚ್ಚಿಕೊಂಡಿತು.

ಅವಳು ಕುಳಿತಳು. ರೀಸ್ಟಾರ್ಟ್ ಬಟನ್ನಿನ ಆ ಕೆಲಸವನ್ನು ತೆಗೆದುಹಾಕಿದ. ಅವಳು ಎಡಗೈಯಲ್ಲಿ ಮೌಸ್ ಹಿಡಿದು, ಕೊನೆಯ ಗೆರೆಯನ್ನು ಒಂದೇ ಎಳೆತಕ್ಕೆ ಅಂಚಿಗೆ ತಂದು ಸೇರಿಸಿದಳು. ಬಳ್ಳಿ ಎಲ್ಲಿ ಮೊದಲಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂದು ಯಾರಿಗೂ ಹೇಳಲಾಗಲಿಲ್ಲ. ತಲೆ ಎತ್ತಿ ನೋಡಿದರೆ ಅವನು ಹೋಗಿಬಿಟ್ಟಿದ್ದ.

*

ಸಂಜೆ ಗಿರಣಿಯ ಗೇಟಿನ ಹೊರಗೆ ಅವಳು ಅವನನ್ನು ಹಿಡಿದಳು. ಜನ ಸೈಕಲ್ ತಳ್ಳಿಕೊಂಡು, ಹರಟುತ್ತ ಮನೆಗೆ ಹೊರಟಿದ್ದರು.

“ರೀ, ನಿಂತ್ಕೊಳ್ಳಿ! ಓಡಿಹೋಗ್ತೀರೇನು?”

ಅವನು ನಿಂತ.

“ನೆನ್ನೆ ಅಷ್ಟು ಬೈದ್ನಲ್ಲ, ಆಗಲೇ ಯಾಕೆ ಹೇಳ್ಲಿಲ್ಲ?”

“ನೀವು ಬಿಟ್ರೆ ತಾನೆ!” ಎಂದವನು ಮೆತ್ತಗಾದ. “ಬಿಟ್ಟಿದ್ರೂ ಹೇಳೋಕಾಗ್ತಿರ್ಲಿಲ್ಲ. ಕಾರಣ ಇನ್ನೂ ಸಿಕ್ಕಿರ್ಲಿಲ್ಲ. ಬರಿಗೈಯಲ್ಲಿ ಬಂದು ನಾನು ಒಳ್ಳೆಯವನು ಅಂದ್ರೆ ನೀವು ನಂಬ್ತಿದ್ರಾ?”

“ಇಲ್ಲ.”

“ಅದಕ್ಕೇ.”

“ನಾನು ಎಲ್ಲರ ಮುಂದೆ ಮೋಸ ಅಂದ್ಬಿಟ್ಟೆ. ತಪ್ಪಾಯ್ತು.”

“ಮೊದಲು ತಪ್ಪು ಮಾಡಿದ್ದು ನಾನು. ನೋಡದೇ ತಪ್ಪನ್ನ ನಿಮ್ಮ ಕೈ ಮೇಲೆ ಹಾಕ್ದೆ.” ಅವನು ತಲೆ ಕೆರೆದುಕೊಂಡ. “ನೆನ್ನೆಯಿಂದ ಊಟನೂ ಎಡಗೈಯಲ್ಲೇ ಮಾಡಿದೀನಿ ಗೊತ್ತಾ? ಅಂಗಿ ತುಂಬಾ ಸಾರು. ಚಿಲಕ ತೆಗೆಯೋಕೆ ಬರಲ್ಲ, ಗುಂಡಿ ಹಾಕೋಕೆ ಬರಲ್ಲ. ನಮ್ಮಮ್ಮ ನನಗೇನೋ ಆಯ್ತು ಅಂತ ಗಾಬರಿ ಆಗಿದ್ರು. ಒಂದೇ ದಿನಕ್ಕೆ ನನಗೆ ಜಗತ್ತಿನ ಮೇಲೆಲ್ಲ ಸಿಟ್ಟು ಬಂತು. ನೀವು ಹುಟ್ಟಿದಾಗಿಂದ ಇದರಲ್ಲೇ ಇದೀರಿ. ಆದ್ರೂ ಹಾಸಿಗೆ ಹಿಡಿದ ಮಗುಗೆ ಹಕ್ಕಿ ಬಚ್ಚಿಡ್ತೀರಿ…”

ಅವನ ಕಿವಿ ಮತ್ತೆ ಕೆಂಪಾಯಿತು.

“ಒಂದು ಮೌಸಿಗೋಸ್ಕರ ಯಾರಾದ್ರೂ ಇಷ್ಟೆಲ್ಲ ಮಾಡ್ತಾರಾ?” ಅವಳು ಮೆಲ್ಲಗೆ ಕೇಳಿದಳು.

“ಮೌಸಿಗೋಸ್ಕರ ಮಾಡಿದ್ದು ಮೊದಲ ದಿನ ಮಾತ್ರ.”

“ಆಮೇಲೆ?”

“ಆಮೇಲೆ… ಕಾರಣ ಸಿಕ್ಕಿಬಿಟ್ರೆ ನಿಮ್ಮ ಪಕ್ಕ ಕೂರೋಕೆ ನೆಪ ಇರಲ್ವಲ್ಲ ಅಂತ ಭಯ ಆಗ್ತಿತ್ತು. ಸಿಗದಿದ್ರೆ ನೀವೇ ಇರಲ್ವಲ್ಲ ಅಂತ ಇನ್ನೂ ಭಯ.” ಅವನು ಒಂದೇ ಉಸಿರಿಗೆ ಹೇಳಿಬಿಟ್ಟ. “ನನಗೆ ನೀವಂದ್ರೆ ಇಷ್ಟ. ನಿಮ್ಮ ಸಿಟ್ಟೂ ಇಷ್ಟ. ಈಗ ಬೇಕಾದ್ರೆ ಬೈದುಬಿಡಿ.”

ಅವಳು ಬೈಯಲಿಲ್ಲ. ಬೆಳಗ್ಗೆ ಮ್ಯಾನೇಜರ್ ಮುಂದೆ ಬೀಳದೆ ನಿಂತಿದ್ದ ಕಣ್ಣೀರ ಹನಿ ಈಗ ಅವಳ ಮಾತು ಕೇಳದೆ ಇಳಿದೇಬಿಟ್ಟಿತು.

“ಅಯ್ಯೋ, ಅಳಬೇಡಿ!”

“ಅಳ್ತೀನಿ. ನನ್ನಿಷ್ಟ.” ಮೂಗು ಒರೆಸಿಕೊಂಡಳು. “ನೋಡು, ಈಗಲೇ ಹೇಳ್ತೀನಿ. ನನಗೆ ಹಟ ಜಾಸ್ತಿ. ಯಾರಿಗೋಸ್ಕರವೂ ಬದಲಾಗಲ್ಲ.”

‘ನೋಡು’ ಎಂದಿದ್ದಳು! ‘ನೋಡಿ’ ಅಲ್ಲ. ಅವನ ಮುಖ ಅರಳಿತು.

“ನೀನು ಬದಲಾದ್ರೆ ನನಗೇನು ಲಾಭ?” ಎಂದು ಅವನು ಕೈ ಚಾಚಿದ.

ನೆನ್ನೆಯಿಂದಿನ ಅಭ್ಯಾಸವೋ ಏನೋ, ಮುಂದೆ ಬಂದದ್ದು ಅವನ ಎಡಗೈ. ಅವಳೂ ತನ್ನ ಎಡಗೈಯನ್ನೇ ಅದರಲ್ಲಿಟ್ಟಳು. ಹಾಗೆ ಹಿಡಿದುಕೊಂಡು ಬಸ್ ನಿಲ್ದಾಣದ ಕಡೆ ಹೊರಡಲು ನೋಡಿದರು. ಆಗಲಿಲ್ಲ. ಇಬ್ಬರೂ ಎಡಗೈ ಹಿಡಿದರೆ ಒಬ್ಬರಿಗೊಬ್ಬರು ಎದುರಾಗಿ ನಿಲ್ಲಬೇಕು. ಒಬ್ಬರು ಮುಂದೆ ನಡೆದರೆ ಇನ್ನೊಬ್ಬರು ಹಿಂದೆ ನಡೆಯಬೇಕು.

“ಹೀಗೆ ಹಿಡ್ಕೊಂಡ್ರೆ ನಡೆಯೋದು ಹೇಗೆ?” ಅವನು ಗೊಂದಲದಿಂದ ಕೇಳಿದ. “ಕೈ ಬದಲಾಯಿಸ್ಲಾ?”

“ಬದಲಾಯಿಸಿ ನೋಡು, ಗೊತ್ತಾಗುತ್ತೆ!”

“ಮತ್ತೆ ಬಸ್ಸು?”

ಅವಳು ಅವನ ಬೆರಳುಗಳನ್ನು ಇನ್ನಷ್ಟು ಬಿಗಿಹಿಡಿದಳು. ಕೆಂಪಗೆ ಒತ್ತಿದ್ದ ಆ ಬೆರಳು ಅವಳ ಹೆಬ್ಬೆರಳಿನ ಕೆಳಗೆ ಬೆಚ್ಚಗಿತ್ತು.

“ಹೋದ್ರೆ ಹೋಗ್ಲಿ ಬಿಡು. ಸ್ವಲ್ಪ ಹೊತ್ತು ಹೀಗೇ ನಿಂತಿರೋಣ.”